ನೆಟ್‌ವರ್ಕ್ ಸೊರಗಿದಾಗ ಏನನ್ನು ಬಿಡಬೇಕು?

ಪಿಟ್ಸ್‌ಬರ್ಗ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವಿದೆ. ದರ್ಶನ ಮುಗಿಸಿ, ಪುಳಿಯೋಗರೆ ತಿಂದು ಹಿಂದಿರುಗುವ ನಾವು ಆ ಕಡೆ ಕಾರು ತಿರುಗಿಸುವುದು ಅಪರೂಪ. ಆದರೆ ನಮ್ಮ ಜೇಬಿನ ಫೋನು ಸಿಗ್ನಲ್ ಕುಂದಿದಾಗಲೂ ಒಮ್ಮೆಲೇ ಕೈಕೊಡದೆ ಹೇಗೋ ಸುಧಾರಿಸಿಕೊಂಡು ಹೋಗುತ್ತದಲ್ಲ, ಆ ಜಾಣತನದ ಚರಿತ್ರೆಯ ಒಂದು ದೊಡ್ಡ ಭಾಗ ನಡೆದದ್ದು ಅಲ್ಲಿ. ಬಹಳ ವರ್ಷ ತಂತ್ರಾಂಶ ಬರೆದು ಹೊಟ್ಟೆ ಹೊರೆದವನು ನಾನು. ಈಚೆಗೆ ಆ ಕಾಲದ ಸಂಶೋಧನಾ ಪ್ರಬಂಧಗಳನ್ನು ಬಿಡುವು ಮಾಡಿಕೊಂಡು ಓದುತ್ತಿದ್ದೇನೆ. ಓದುತ್ತಾ ಹೋದಂತೆ ನನ್ನ ಗಮನ ಸೆಳೆದದ್ದು ವೇಗದ ಕಥೆಯಲ್ಲ, ಅಧಿಕಾರದ ಕಥೆ. ನೆಟ್‌ವರ್ಕ್ ಸೊರಗಿದಾಗ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕು ಎಂದು ತೀರ್ಮಾನಿಸುವವರು ಯಾರು?

ಮೊದಲು ಒಂದು ಪದದ ವಿಚಾರ. ಗಣಕದ ಆಪರೇಟಿಂಗ್ ಸಿಸ್ಟಮ್‌ಗೂ ನಾವು ಬಳಸುವ ಅಪ್ಲಿಕೇಶನ್‌ಗಳಿಗೂ ನಡುವೆ ನಿಂತು ಕೆಲಸ ಸಾಗಿಸುವ ತಂತ್ರಾಂಶಕ್ಕೆ ಮಿಡಲ್‌ವೇರ್ ಎನ್ನುತ್ತಾರೆ. ಕನ್ನಡದಲ್ಲಿ ದಲ್ಲಾಳಿ ಎನ್ನಬಹುದಿತ್ತು. ಆ ಪದಕ್ಕೆ ನಮ್ಮ ಮಂಡಿಗಳಲ್ಲಿ ಬಂದಿರುವ ಕೆಟ್ಟ ಹೆಸರಿನಿಂದ ಹಿಂಜರಿಯುತ್ತೇನೆ. ತಂತಿಗೆ ಕಟ್ಟಿಹಾಕಿದ ಗಣಕಗಳ ಕಾಲದಲ್ಲಿ ಈ ನಡುವಿನವನ ಕೆಲಸ ಸುಲಭವಾಗಿತ್ತು. ಸಂಪರ್ಕ ಇದೆ, ಅಥವಾ ಇಲ್ಲ. ಇದ್ದರೆ ಇಂದು ಇದ್ದಷ್ಟೇ ವೇಗ ನಾಳೆಯೂ ಇರುತ್ತದೆ. ತಂತಿಯಿಲ್ಲದೆ ಹೊತ್ತು ತಿರುಗುವ ಗಣಕ ಈ ನಂಬಿಕೆಯನ್ನೇ ಬುಡಮೇಲು ಮಾಡಿತು. ಅದರ ಸಂಪರ್ಕ ಒಂದು ಗೋಡೆ ದಾಟಿದರೆ ಕುಸಿಯುತ್ತದೆ, ಕಿಟಕಿಯ ಬಳಿ ಹೋದರೆ ಚಿಗುರುತ್ತದೆ.

ಕಾರ್ನೆಗಿ ಮೆಲನ್‌ನಲ್ಲಿ ಈ ಕೆಲಸದ ಮುಂದಾಳಾಗಿದ್ದವರು ಮಹಾದೇವ್ ಸತ್ಯನಾರಾಯಣನ್. ಮದ್ರಾಸಿನ ಐ.ಐ.ಟಿ.ಯಲ್ಲಿ ಓದಿ ಬಂದು 1983ರಲ್ಲಿ ಇಲ್ಲೇ ಡಾಕ್ಟರೇಟ್ ಪಡೆದವರು. ಐ.ಬಿ.ಎಂ. ಜೊತೆಗೂಡಿ ವಿಶ್ವವಿದ್ಯಾಲಯ ಕಟ್ಟಿದ ಆಂಡ್ರ್ಯೂ ಫೈಲ್ ಸಿಸ್ಟಮ್‌ನ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರು. ಅದರ ದೌರ್ಬಲ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು: ಸರ್ವರ್ ಕೆಟ್ಟರೆ ಎಲ್ಲರೂ ಕೈಕಟ್ಟಿ ಕೂರಬೇಕು. 1987ರಲ್ಲಿ ಅವರ ತಂಡ ಕೋಡಾ ಎಂಬ ಹೊಸ ಫೈಲ್ ಸಿಸ್ಟಮ್ ಶುರುಮಾಡಿದ್ದು ಈ ಕಷ್ಟಕ್ಕೆ ಪರಿಹಾರವಾಗಿ. ಸರ್ವರ್ ಸಿಗದಿದ್ದಾಗಲೂ ನಡೆಯುವ ವ್ಯವಸ್ಥೆ, ಬೇಕೆಂದೇ ತಂತಿ ಕಿತ್ತುಕೊಂಡು ಮನೆಗೆ ಹೋಗುವ ಲ್ಯಾಪ್‌ಟಾಪಿಗೂ ಸರಿಹೊಂದುತ್ತದೆ ಎಂಬುದು ಬೇಗನೆ ಸ್ಪಷ್ಟವಾಯಿತು.

1991ರ ಅಕ್ಟೋಬರ್‌ನಲ್ಲಿ ಜೇಮ್ಸ್ ಕಿಸ್ಲರ್ ಮತ್ತು ಸತ್ಯನಾರಾಯಣನ್ ಮಂಡಿಸಿದ ಪ್ರಬಂಧ ಇದನ್ನು ಮೂರು ಹಂತಗಳಲ್ಲಿ ವಿವರಿಸುತ್ತದೆ. ಸಂಪರ್ಕ ಇರುವಾಗ ಬೇಕಾದ ಫೈಲುಗಳನ್ನು ಕೂಡಿಡುವುದು. ಸಂಪರ್ಕ ಹೋದಾಗ ಕೂಡಿಟ್ಟದ್ದರಲ್ಲೇ, ಸರ್ವರ್ ಇದ್ದಂತೆ ನಟಿಸುತ್ತಾ, ಕೆಲಸ ನಡೆಸುವುದು. ಮತ್ತೆ ಕೂಡಿಕೊಂಡಾಗ ಆದ ಬದಲಾವಣೆಗಳನ್ನು ಸರ್ವರ್‌ಗೆ ಒಪ್ಪಿಸುವುದು. ಮಲೆನಾಡಿನಿಂದ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಸೌದೆ, ಅಕ್ಕಿ, ಉಪ್ಪಿನಕಾಯಿ, ಹಪ್ಪಳ ಒಳಗೆ ಸೇರಬೇಕು. ಹೊಳೆ ತುಂಬಿ ಪೇಟೆಯ ದಾರಿ ಮುಚ್ಚಿದರೆ ಇದ್ದದ್ದರಲ್ಲೇ ಕಾಲ ಹಾಕಬೇಕು. ಏನನ್ನು ಕೂಡಿಡಬೇಕು ಎಂಬುದನ್ನು ಕೋಡಾ ಎರಡು ಬಗೆಯಲ್ಲಿ ತಿಳಿಯುತ್ತಿತ್ತು. ಇತ್ತೀಚೆಗೆ ಬಳಸಿದ್ದೇನು ಎಂದು ತಾನೇ ನೋಡಿಕೊಳ್ಳುತ್ತಿತ್ತು; ಜೊತೆಗೆ ಬಳಕೆದಾರನೇ ಬರೆದುಕೊಟ್ಟ ಪಟ್ಟಿಯನ್ನೂ, ಅದರಲ್ಲಿ ಯಾವುದಕ್ಕೆ ಎಷ್ಟು ಆದ್ಯತೆ ಎಂಬುದನ್ನೂ ಗಮನಿಸುತ್ತಿತ್ತು. ಎರಡನ್ನೂ ಕೂಡಿಸಿ ತೂಗಿ, ಹತ್ತು ನಿಮಿಷಕ್ಕೊಮ್ಮೆ ತನ್ನ ಕಣಜವನ್ನು ಸರಿಪಡಿಸಿಕೊಳ್ಳುತ್ತಿತ್ತು. ಒಂದು ದಿನದ ಕೆಲಸಕ್ಕೆ 100 ಮೆಗಾಬೈಟ್ ಡಿಸ್ಕ್ ಸಾಕೆಂದು ಅವರು ಕಂಡುಕೊಂಡರು. ಇಂದು ಮದುವೆ ಮನೆಯಿಂದ ಬರುವ ಒಂದೇ ವಿಡಿಯೋ ಅದಕ್ಕಿಂತ ದೊಡ್ಡದಿರುತ್ತದೆ!

ಇಬ್ಬರು ಒಂದೇ ಫೈಲನ್ನು ಬೇರೆಬೇರೆ ಕಡೆ ತಿದ್ದಿದರೆ ಏನು ಗತಿ? ಈ ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ, ಏಕೆಂದರೆ ಅದು ವಾದದಿಂದಲ್ಲ, ಎಣಿಕೆಯಿಂದ ಬಂದದ್ದು. ತಮ್ಮ ಆಂಡ್ರ್ಯೂ ಸರ್ವರ್‌ಗಳನ್ನು ಗಮನಿಸಿದಾಗ ಶೇ. 99ಕ್ಕೂ ಹೆಚ್ಚು ತಿದ್ದುಪಡಿಗಳನ್ನು ಹಿಂದಿನ ಸಲ ತಿದ್ದಿದವರೇ ಮಾಡಿದ್ದರು. ಒಂದು ದಿನದೊಳಗೆ ಇಬ್ಬರು ಬೇರೆಬೇರೆ ವ್ಯಕ್ತಿಗಳು ಒಂದೇ ವಸ್ತುವನ್ನು ತಿದ್ದುವ ಸಂಭವ ಹೆಚ್ಚೆಂದರೆ ಶೇ. 0.75. ಹೀಗಾಗಿ ಎಲ್ಲರನ್ನೂ ಬೀಗ ಹಾಕಿ ತಡೆಯುವ ಬದಲು, ಅಪರೂಪದ ಜಗಳವನ್ನು ಬಂದಾಗ ಬಿಡಿಸಿದರಾಯಿತು ಎಂದು ತೀರ್ಮಾನಿಸಿದರು.

ಆದರೆ ಪೂರ್ತಿ ಸಂಪರ್ಕ, ಪೂರ್ತಿ ವಿಯೋಗ ಇವೆರಡರ ನಡುವಿನ ಸ್ಥಿತಿ ಹೆಚ್ಚು ಕಷ್ಟದ್ದು. ಟೆಲಿಫೋನ್ ಮೋಡೆಮ್ ಸೆಕೆಂಡಿಗೆ 9,600 ಬಿಟ್ ಸಾಗಿಸುತ್ತಿದ್ದರೆ, ಆಗಿನ ವೇವ್‌ಲ್ಯಾನ್ ಎಂಬ ರೇಡಿಯೋ ಕಾರ್ಡು 20 ಲಕ್ಷ ಬಿಟ್ ಸಾಗಿಸುತ್ತಿತ್ತು. ಒಂದೇ ಲ್ಯಾಪ್‌ಟಾಪು ಒಂದೇ ದಿನದಲ್ಲಿ ಎರಡನ್ನೂ ಕಾಣುತ್ತಿತ್ತು. ಲಿಲಿ ಮಮ್ಮರ್ಟ್ ಮತ್ತು ಸಂಗಡಿಗರು 1995ರಲ್ಲಿ ಕೋಡಾಕ್ಕೆ ಬಳಕೆದಾರನ ತಾಳ್ಮೆಯ ಒಂದು ಸೂತ್ರವನ್ನೇ ಸೇರಿಸಿದರು: ಫೈಲು ಎಷ್ಟು ಮುಖ್ಯವೋ ಅದಕ್ಕಾಗಿ ಕಾಯುವ ಸಹನೆ ಅಷ್ಟು ಹೆಚ್ಚು. ಸಹನೆಯ ಮಿತಿ ದಾಟುವ ಫೈಲುಗಳಿದ್ದರೆ ಅವುಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ, ಯಾವುದನ್ನು ತರಲಿ ಎಂದು ಕೇಳುತ್ತಿತ್ತು. ಹೌದು, ಮನುಷ್ಯನನ್ನೇ ಕೇಳುತ್ತಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಫೈಲು ಎಂದರೆ ಬರೀ ಬೈಟುಗಳ ಮೂಟೆ. ಬಂದರೆ ಪೂರ್ತಿ ಬರಬೇಕು. ವಿಡಿಯೋ ಹಾಗಲ್ಲ, ಭೂಪಟ ಹಾಗಲ್ಲ. ಅವನ್ನು ಅರೆಬರೆಯಾಗಿ ತಂದರೂ ಪ್ರಯೋಜನವಿದೆ. ಇಲ್ಲಿಂದ ಒಡಿಸ್ಸಿ ಎಂಬ ಯೋಜನೆ ಹುಟ್ಟಿತು. ಬ್ರಯನ್ ನೋಬಲ್, ಸತ್ಯನಾರಾಯಣನ್ ಮತ್ತು ಸಂಗಡಿಗರು 1997ರಲ್ಲಿ ಫ್ರಾನ್ಸಿನ ಸೇಂಟ್ ಮಾಲೋದಲ್ಲಿ ಅದನ್ನು ಮಂಡಿಸಿದರು. ನಾನು ಓದಿದವುಗಳಲ್ಲಿ ವಿಷಯದ ತಿರುಳನ್ನು ಹಿಡಿದ ಪ್ರಬಂಧ ಇದೇ.

ಅವರ ಮುಂದೆ ಎರಡು ದಾರಿಗಳಿದ್ದವು. ಎಲ್ಲವನ್ನೂ ಸಿಸ್ಟಮ್ಮೇ ಗುಟ್ಟಾಗಿ ನಿಭಾಯಿಸಿ ಅಪ್ಲಿಕೇಶನ್‌ಗಳಿಗೆ ಏನೂ ತಿಳಿಯದಂತೆ ಇಡುವುದು ಒಂದು. ಕೋಡಾ ಹಾಗೇ ಮಾಡಿತ್ತು. ಆದರೆ ವಿಡಿಯೋದಲ್ಲಿ ಬಣ್ಣ ಬಿಡುವುದು ವಾಸಿಯೋ ಚಿತ್ರಗಳ ವೇಗ ಇಳಿಸುವುದು ವಾಸಿಯೋ ಎಂಬುದು ಸಿಸ್ಟಮ್‌ಗೆ ಹೇಗೆ ಗೊತ್ತಾಗಬೇಕು? ಇನ್ನೊಂದು ದಾರಿ, ಪ್ರತಿ ಅಪ್ಲಿಕೇಶನ್ನೂ ತನ್ನ ಪಾಡು ತಾನು ನೋಡಿಕೊಳ್ಳುವುದು. ಆಗ ಮೂರು ಅಪ್ಲಿಕೇಶನ್‌ಗಳು ಒಟ್ಟಿಗೆ ಓಡುತ್ತಿದ್ದರೆ ಒಂದಕ್ಕೆ ಇನ್ನೊಂದರ ಅರಿವಿರುವುದಿಲ್ಲ. ಹಂಚಿಕೊಳ್ಳಬೇಕಾದ್ದನ್ನು ಎಲ್ಲರೂ ತನ್ನದೇ ಎಂದುಕೊಳ್ಳುತ್ತಾರೆ. ಒಡಿಸ್ಸಿ ನಡುವಿನ ದಾರಿ ಹಿಡಿಯಿತು. ಅಳೆಯುವುದು ಸಿಸ್ಟಮ್, ತೀರ್ಮಾನಿಸುವುದು ಅಪ್ಲಿಕೇಶನ್. ಅಳೆದು ಹಂಚುವ ಕೇಂದ್ರ ಭಾಗಕ್ಕೆ ಅವರು ಇಟ್ಟ ಹೆಸರು ವೈಸ್‌ರಾಯ್. ಒಂದೊಂದು ಬಗೆಯ ದತ್ತಾಂಶವನ್ನು ನೋಡಿಕೊಳ್ಳುವ ಭಾಗಗಳು ವಾರ್ಡನ್‌ಗಳು. ಶಾಲೆಯ ಪುಸ್ತಕದಲ್ಲಿ ಕರ್ಜನ್‌ನನ್ನೂ ಹಾಸ್ಟೆಲಿನಲ್ಲಿ ವಾರ್ಡನ್‌ರನ್ನೂ ಕಂಡ ನಮಗೆ ಈ ಹೆಸರುಗಳು ಅಷ್ಟು ರುಚಿಸುವುದಿಲ್ಲ, ಇರಲಿ.

ಕೆಲಸ ನಡೆಯುತ್ತಿದ್ದದ್ದು ಹೀಗೆ. ವಿಡಿಯೋ ತೋರಿಸುವ ಅಪ್ಲಿಕೇಶನ್, ಬ್ಯಾಂಡ್‌ವಿಡ್ತ್ ಇಷ್ಟರಿಂದ ಇಷ್ಟರೊಳಗೆ ಇರುವವರೆಗೆ ನನ್ನನ್ನು ಎಬ್ಬಿಸಬೇಡ ಎಂದು ವೈಸ್‌ರಾಯ್‌ಗೆ ಹೇಳಿಡುತ್ತದೆ. ಆ ಗೆರೆ ದಾಟಿದ ಕೂಡಲೇ ಅದಕ್ಕೆ ಕರೆ ಬರುತ್ತದೆ. ಆಗ ಅದು ತನ್ನ ನಿಷ್ಠೆಯ ಮಟ್ಟವನ್ನು ಬದಲಿಸಿ, ಹೊಸ ಗೆರೆಗಳನ್ನು ಬರೆದುಕೊಡುತ್ತದೆ. ನಿಷ್ಠೆ ಎಂದರೆ ಇಲ್ಲಿ ಕೈಗೆ ಬಂದ ಪ್ರತಿ ಸರ್ವರ್‌ನಲ್ಲಿರುವ ಮೂಲಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದು. ಅವರ ಪ್ರಯೋಗದಲ್ಲಿ ಒಂದೇ ಚಲನಚಿತ್ರವನ್ನು ಮೂರು ಪ್ರತಿಗಳಾಗಿ ಸರ್ವರ್‌ನಲ್ಲಿ ಇಟ್ಟಿದ್ದರು: ಉತ್ತಮ ಬಣ್ಣದ್ದು, ಸಾಧಾರಣ ಬಣ್ಣದ್ದು, ಕಪ್ಪು-ಬಿಳುಪಿನದು. ಮಾತನ್ನು ಗುರುತಿಸುವ ತಂತ್ರಾಂಶ ಇನ್ನೊಂದು ಉದಾಹರಣೆ. ಸಂಪರ್ಕ ಚೆನ್ನಾಗಿದ್ದರೆ ಧ್ವನಿಯನ್ನೇ ಸರ್ವರ್‌ಗೆ ಕಳಿಸುತ್ತದೆ. ಸೊರಗಿದರೆ ಮೊದಲ ಹಂತದ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮುಗಿಸಿ, ಅಡಕವಾದದ್ದನ್ನು ಮಾತ್ರ ಕಳಿಸುತ್ತದೆ. ಮೂರು ಅಪ್ಲಿಕೇಶನ್‌ಗಳನ್ನು ಒಟ್ಟಿಗೆ ಓಡಿಸಿ ನೋಡಿದಾಗ ಐದು ಪಟ್ಟಿನವರೆಗೂ ಸುಧಾರಣೆ ಕಂಡಿತೆಂದು ಪ್ರಬಂಧ ಹೇಳುತ್ತದೆ.

ಎಷ್ಟು ಚುರುಕಾಗಿ ಬದಲಾಗಬೇಕು ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ ಅಜ್ಜಿಗೆ ಗೊತ್ತಿರುವ ಸಮಸ್ಯೆ ಇದು. ಮೋಡ ಸುಳಿದಾಗಲೆಲ್ಲ ಒಳಗೆ ತಂದರೆ ಸಂಡಿಗೆ ಒಣಗುವುದೇ ಇಲ್ಲ. ಹನಿ ಬೀಳಲಿ ಎಂದು ಕಾದರೆ ನೆನೆದು ಹೋಗುತ್ತದೆ. ಬ್ಯಾಂಡ್‌ವಿಡ್ತ್ ಏಕಾಏಕಿ ಏರುವುದು, ಇಳಿಯುವುದು, ಕ್ಷಣಕಾಲ ಏರಿ ಮರಳುವುದು, ಕ್ಷಣಕಾಲ ಇಳಿದು ಮರಳುವುದು ಎಂಬ ನಾಲ್ಕು ಅಲೆಗಳನ್ನು ಕೃತಕವಾಗಿ ಸೃಷ್ಟಿಸಿ ಒಡಿಸ್ಸಿ ಎಷ್ಟು ಬೇಗ ಅರಿತುಕೊಳ್ಳುತ್ತದೆ ಎಂದು ಅಳೆದರು.

ಅದೇ ಹೊತ್ತಿಗೆ ಬರ್ಕ್ಲಿಯಲ್ಲಿ ಅರ್ಮಾಂಡೋ ಫಾಕ್ಸ್, ಸ್ಟೀವನ್ ಗ್ರಿಬಲ್, ಎರಿಕ್ ಬ್ರೂವರ್ ಮೊದಲಾದವರು ಬೇರೆ ಉಪಾಯ ಹೂಡಿದರು. ಸರ್ವರ್‌ಗಳನ್ನು ಮುಟ್ಟುವುದು ಬೇಡ, ಗಿರಾಕಿಯ ಯಂತ್ರಕ್ಕೂ ಹೊರೆ ಬೇಡ. ನಡುದಾರಿಯಲ್ಲಿ ಒಂದು ಬಲವಾದ ಗಣಕ ಕೂತು ಚಿತ್ರಗಳನ್ನು ಭಟ್ಟಿ ಇಳಿಸಿ ಕಳಿಸಲಿ. ಪಾಮ್‌ಪೈಲಟ್‌ನ ಅಂಗೈಯಗಲದ ಪರದೆಗೆ ಅವರು ಹೀಗೆ ವೆಬ್ ಪುಟಗಳನ್ನು ತಂದರು. ಇದೇ ಬಗೆಯ ಉಪಾಯ 2006ರಲ್ಲಿ ಒಪೆರಾ ಮಿನಿ ಬ್ರೌಸರಿನ ರೂಪದಲ್ಲಿ ಜಗತ್ತಿಗೆಲ್ಲ ತಲುಪಿತು. ಊರಿನ ಕೀಪ್ಯಾಡ್ ಫೋನುಗಳಲ್ಲಿ ಅದನ್ನು ಬಳಸಿದವರು ಓದುಗರಲ್ಲೂ ಇರಬಹುದು. ಆದರೆ ನಡುವೆ ಕೂತವನು ಪುಟವನ್ನು ಕಿರಿದು ಮಾಡಬೇಕಾದರೆ ಅದನ್ನು ಓದಲೇಬೇಕು. ತುದಿಯಿಂದ ತುದಿಗೆ ಗೂಢಲಿಪಿ ಸಾಮಾನ್ಯವಾಗುತ್ತಾ ಬಂದಂತೆ ಆ ನಡುವಿನವನಿಗೆ ಜಾಗ ಕಡಿಮೆಯಾಯಿತು. ಅದು ಒಳ್ಳೆಯದೇ ಆಯಿತು ಎಂಬುದು ನನ್ನ ಮತ.

ಕೋಡಾದ ತತ್ವವನ್ನು ಅದರ ಕೊನೆಯ ತುದಿಯವರೆಗೆ ಎಳೆದದ್ದು ನಮ್ಮ ಕರ್ನಾಟಕದಲ್ಲೇ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಈ ಶತಮಾನದ ಮೊದಲ ವರ್ಷಗಳಲ್ಲಿ, ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆಯ ದಾಖಲೆಗಳು ಬೇಕಾದರೆ ರೈತ ತಾಲ್ಲೂಕು ಕಚೇರಿಗೆ ಹೋಗಬೇಕಿತ್ತು. ಎಂ.ಐ.ಟಿ.ಯ ಮೀಡಿಯಾ ಲ್ಯಾಬ್‌ನಿಂದ ಬಂದ ಸಂಶೋಧಕರು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಒಂದು ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕೂರಿಸಿದರು. ಹೆಸರು ಡಾಕ್‌ನೆಟ್. ಹಳ್ಳಿಯ ಕೇಂದ್ರದ ಹತ್ತಿರ ಬಸ್ಸು ಬಂದಾಗ ಅರ್ಜಿಗಳನ್ನು ಗಾಳಿಯಲ್ಲೇ ಎತ್ತಿಕೊಳ್ಳುತ್ತಿತ್ತು. ತಾಲ್ಲೂಕು ಕೇಂದ್ರಕ್ಕೆ ಬಂದಾಗ ಅವನ್ನು ಇಳಿಸಿ, ದಾಖಲೆಗಳನ್ನು ತುಂಬಿಕೊಂಡು ಮತ್ತೆ ಹಳ್ಳಿಗೆ ಹೊರಡುತ್ತಿತ್ತು. ಬಸ್ಸು ಕೈಗೆಟುಕುವಷ್ಟು ಹತ್ತಿರ ಇರುತ್ತಿದ್ದದ್ದು ಸರಾಸರಿ ಎರಡೂವರೆ ನಿಮಿಷ. ಅಷ್ಟರಲ್ಲಿ ಸುಮಾರು 20 ಮೆಗಾಬೈಟ್ ದಾಟುತ್ತಿತ್ತು. ಇಲ್ಲಿ ಬಿಟ್ಟುಕೊಟ್ಟದ್ದು ಸಮಯವನ್ನು. ಪಹಣಿ ಅರೆಬರೆ ಬಂದರೆ ಉಪಯೋಗವಿಲ್ಲ, ಸಂಜೆಯ ಬಸ್ಸಿಗೆ ಬಂದರೆ ನಡೆಯುತ್ತದೆ. ಆ ಸರಳ ತಿಳಿವಳಿಕೆಯೇ ಅಲ್ಲಿ ಮಿಡಲ್‌ವೇರ್.

ಇಂದಿನ ಸ್ಥಿತಿಗೆ ಬರೋಣ. ಸಿನಿಮಾವನ್ನು ಹಲವು ಗುಣಮಟ್ಟಗಳ ತುಂಡುಗಳಾಗಿ ಸರ್ವರ್‌ನಲ್ಲಿಟ್ಟು, ಸಂಪರ್ಕ ನೋಡಿ ಆಯ್ದುಕೊಳ್ಳುವ ವಿಧಾನಕ್ಕೆ 2012ರಲ್ಲಿ ಅಂತಾರಾಷ್ಟ್ರೀಯ ಮಾನಕವೇ ಬಂದಿತು. ಅದೇ ವರ್ಷ ಮಾನಕವಾದ ಓಪಸ್ ಎಂಬ ಧ್ವನಿ ಸಂಕೇತನ ಸೆಕೆಂಡಿಗೆ 6,000 ಬಿಟ್‌ನಿಂದ 5,10,000 ಬಿಟ್‌ವರೆಗೆ ಹಿಗ್ಗಿ ಕುಗ್ಗಬಲ್ಲದು. ಭಾನುವಾರ ಬೆಳಿಗ್ಗೆ ಊರಿಗೆ ವಿಡಿಯೋ ಕರೆ ಮಾಡಿದಾಗ ಅಮ್ಮನ ಮುಖ ಚೌಕಚೌಕವಾಗಿ ಒಡೆದು ನಿಂತರೂ, ಊಟ ಆಯ್ತೇನಪ್ಪಾ ಎಂಬ ದನಿ ಮಾತ್ರ ನಿಲ್ಲದೆ ಬರುವುದು ಇಂಥ ಏರ್ಪಾಡುಗಳಿಂದ. ಚಿತ್ರ ಹೋದರೂ ಮಾತು ಉಳಿಯಲಿ ಎಂದು ಯಾರೋ ಮೊದಲೇ ತೀರ್ಮಾನಿಸಿಟ್ಟಿದ್ದಾರೆ.

ನಮಗೆ ಆ ತೀರ್ಮಾನ ಸರಿ. ಕರೆಯ ಎರಡೂ ತುದಿಯಲ್ಲಿ ಕಿವಿ ಕೇಳದವರಿದ್ದರೆ? ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ ಚಿತ್ರವೇ ಮಾತು. ಅವರಿಗೆ ಧ್ವನಿ ಉಳಿಸಿಕೊಟ್ಟು ಚಿತ್ರ ನಿಲ್ಲಿಸಿದರೆ ನಮ್ಮ ಬಾಯಿಗೆ ಬಟ್ಟೆ ತುರುಕಿದಂತೆ. ಹಿನ್ನೆಲೆಯ ಗೋಡೆ ಎಷ್ಟು ಮಸುಕಾದರೂ ಅಡ್ಡಿಯಿಲ್ಲ, ಕೈಗಳ ಚಲನೆ ಕಡಿಯಬಾರದು, ಮುಖಭಾವ ಕಾಣಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾಡ್ನರ್, ಈವ್ ರಿಸ್ಕಿನ್ ಮತ್ತು ಸಂಗಡಿಗರು ಮೊಬೈಲ್ ಎ.ಎಸ್.ಎಲ್. ಎಂಬ ಯೋಜನೆಯಲ್ಲಿ, ಅಂದಿನ ಬಡಕಲು ಮೊಬೈಲ್ ಜಾಲದ ಮೇಲೆಯೇ ಇದನ್ನು ಮಾಡಿ ತೋರಿಸಿದರು. ಮುಖ ಮತ್ತು ಕೈಗಳ ಭಾಗಕ್ಕೆ ಹೆಚ್ಚು ಬಿಟ್‌ಗಳು, ಉಳಿದದ್ದಕ್ಕೆ ಕಡಿಮೆ. ಸನ್ನೆ ಮಾಡುತ್ತಿರುವವರ ಚಿತ್ರ ಪೂರ್ಣ ವೇಗದಲ್ಲಿ, ಸುಮ್ಮನೆ ನೋಡುತ್ತಿರುವವರದು ನಿಧಾನವಾಗಿ, ಬ್ಯಾಟರಿಯೂ ಉಳಿಯಲಿ ಎಂದು. ಒಡಿಸ್ಸಿಯಲ್ಲಿ ಅಪ್ಲಿಕೇಶನ್ನಿಗೆ ಬಿಟ್ಟ ತೀರ್ಮಾನ ಇಲ್ಲಿ ಅದನ್ನು ಬಳಸುವ ಜನರ ಅಗತ್ಯದಿಂದ ಹೊರಟಿತ್ತು.

ನನ್ನ ಫೋನಿನ ಕರೆಗಳ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಉಳಿಸುವ ಒಂದು ಗುಂಡಿ ಇದೆ. ಏನನ್ನು ಬಿಟ್ಟು ಉಳಿಸಲಿ ಎಂದು ಅದು ಕೇಳುವುದಿಲ್ಲ. 1995ರ ಕೋಡಾ ಕೇಳುತ್ತಿತ್ತು.