ಮಾದರಿ ರಚನೆ: ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಶಿಕ್ಷಣದಲ್ಲಿ

ಕಟ್ಟಡ, ಸೇತುವೆ, ಯಂತ್ರಗಳ ಸಣ್ಣ ಮಾದರಿಗಳನ್ನು ವಿದ್ಯಾರ್ಥಿಗಳೇ ತರಗತಿಯಲ್ಲಿ ಕಟ್ಟಿ, ಅವುಗಳ ಮೇಲೆ ಭಾರ ಹೇರಿ, ರಚನೆಯ ತತ್ತ್ವಗಳನ್ನು ಅರಿಯುವ ಬೋಧನಾಕ್ರಮ.

ಕಟ್ಟುವವರಲ್ಲಿ ಮಾದರಿ ಮಾಡುವ ರೂಢಿ ಹಳೆಯದು. 1418ರಲ್ಲಿ ಫ್ಲಾರೆನ್ಸಿನ ಕೆಥೆಡ್ರಲ್ ಗುಮ್ಮಟದ ಸ್ಪರ್ಧೆಗೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇಟ್ಟಿಗೆಯ ಮಾದರಿಯನ್ನೇ ಒಪ್ಪಿಸಿದ್ದ. ಮಾದರಿ ತರಗತಿಯೊಳಗೆ ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುಶಿಕ್ಷಣ ಪದ್ಧತಿಯಲ್ಲಿ ಮರದ ತುಂಡುಗಳ ಜೊತೆಗೆ ನೆನೆಸಿದ ಬಟಾಣಿ ಮತ್ತು ಕಡ್ಡಿಗಳ ಜೋಡಣೆಯೂ ಇತ್ತು. ಕಡ್ಡಿಗಳ ತುದಿಗೆ ಬಟಾಣಿ ಚುಚ್ಚಿ ಚೌಕ ಮಾಡಿದರೆ ಅದು ಓರೆಯಾಗಿ ಕುಸಿಯುತ್ತದೆ. ತ್ರಿಕೋನ ಮಾಡಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಅಮೆರಿಕದ ವಿನ್ಯಾಸಕ ಬಕ್‌ಮಿನ್‌ಸ್ಟರ್ ಫುಲ್ಲರ್ ತ್ರಿಕೋನದ ಬಲವನ್ನು ಬಾಲ್ಯದಲ್ಲಿ ಹೀಗೆಯೇ ಕಂಡುಕೊಂಡದ್ದಾಗಿ ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಬರ್ಟ್ ವಿಲ್ಲಿಸ್, ಬಿಡಿಭಾಗಗಳನ್ನು ಕಳಚಿ ಮತ್ತೆ ಮತ್ತೆ ಬೇರೆ ಯಂತ್ರಗಳಾಗಿ ಜೋಡಿಸಬಹುದಾದ ಬೋಧನೋಪಕರಣವನ್ನು ರೂಪಿಸಿ, 1851ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು.

1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಸ್ಥಾಪನೆಯಾದ ಬೌಹೌಸ್ ವಿನ್ಯಾಸ ಶಾಲೆ ಈ ಕ್ರಮಕ್ಕೆ ಹೊಸ ತಿರುವು ಕೊಟ್ಟಿತು. ಅಲ್ಲಿನ ಆರಂಭಿಕ ತರಗತಿಯಲ್ಲಿ ಯೋಸೆಫ್ ಆಲ್ಬರ್ಸ್ ವಿದ್ಯಾರ್ಥಿಗಳಿಗೆ ಹಳೆಯ ವೃತ್ತಪತ್ರಿಕೆಗಳನ್ನು ಹಂಚಿ, ಅವುಗಳಿಂದ ಏನಾದರೂ ರಚಿಸುವಂತೆ ಹೇಳಿದರು. ಕೋಟೆ, ವಿಮಾನ, ಮುಖವಾಡಗಳು ತಯಾರಾದವು. ಅವರು ಮೆಚ್ಚಿದ್ದು ಹಾಳೆಯನ್ನು ಬರೀ ಉದ್ದಕ್ಕೆ ಮಡಿಸಿ ನೆಟ್ಟಗೆ ನಿಲ್ಲಿಸಿದ ಕೆಲಸವನ್ನು: ಮೆತ್ತನೆಯ ಕಾಗದಕ್ಕೆ ಮಡಿಕೆಯೊಂದೇ ಬಿಗಿತನ ತಂದಿತ್ತು. 1933ರಲ್ಲಿ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಹೋದ ಆಲ್ಬರ್ಸ್ ಅಲ್ಲಿಯೂ ಈ ಪಾಠಗಳನ್ನು ಮುಂದುವರಿಸಿದರು. 1948ರ ಬೇಸಿಗೆಯಲ್ಲಿ ಅದೇ ಕಾಲೇಜಿನಲ್ಲಿ ಫುಲ್ಲರ್ ಮತ್ತು ವಿದ್ಯಾರ್ಥಿಗಳು ಕಿಟಕಿ ಪರದೆಯ ಲೋಹದ ಪಟ್ಟಿಗಳಿಂದ ಕಟ್ಟಹೊರಟ ಗುಮ್ಮಟ ಮೇಲೇಳಲಿಲ್ಲ. ಮರುವರ್ಷ ಕಟ್ಟಿದ ಗುಮ್ಮಟ ತನ್ನಿಂದ ಜೋತುಬಿದ್ದವರ ಭಾರವನ್ನೂ ತಾಳಿತು. ಸ್ಟುಟ್‌ಗಾರ್ಟ್‌ನಲ್ಲಿ 1964ರಲ್ಲಿ ಹಗುರ ರಚನೆಗಳ ಸಂಸ್ಥೆಯನ್ನು ಆರಂಭಿಸಿದ ಫ್ರೈ ಒಟ್ಟೊ, ಸಾಬೂನಿನ ಪೊರೆ ಹಾಗೂ ತೂಗುಬಿಟ್ಟ ಸರಪಳಿಗಳ ಮಾದರಿಗಳಿಂದ ಚಾವಣಿಯ ಆಕಾರಗಳನ್ನು ಅಭ್ಯಸಿಸಿದರು.

ಭಾರತದಲ್ಲಿ ಬಾಲಕೃಷ್ಣ ದೋಶಿ 1962ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ವಾಸ್ತುಶಿಲ್ಪ ಶಾಲೆ ಸ್ಟುಡಿಯೊ ಕಲಿಕೆಗೆ ಹೆಸರಾಯಿತು. ಇಂದು ವಾಸ್ತುಶಿಲ್ಪ ವಿದ್ಯಾರ್ಥಿಗಳು ಮೌಂಟ್ ಬೋರ್ಡ್, ಸನ್‌ಬೋರ್ಡ್, ಥರ್ಮಾಕೋಲ್‌ಗಳಲ್ಲಿ ಮಾದರಿ ಮಾಡುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಐಸ್‌ಕ್ರೀಂ ಕಡ್ಡಿಗಳ ಸೇತುವೆ ಕಟ್ಟಿ, ಅದು ಮುರಿಯುವವರೆಗೂ ತೂಕ ಹೇರುವ ಸ್ಪರ್ಧೆಗಳು ನಡೆಯುತ್ತವೆ. ಯಾವ ಸಂದು ಮೊದಲು ಬಿಟ್ಟಿತೆಂಬುದನ್ನು ಕಣ್ಣಾರೆ ಕಂಡವರಿಗೆ ಬಲಗಳ ಲೆಕ್ಕಾಚಾರ ಬೇಗ ತಲೆಗೆ ಹತ್ತುತ್ತದೆ. ಕಂಪ್ಯೂಟರ್ ವಿನ್ಯಾಸ, ಲೇಸರ್ ಕಟಿಂಗ್ ಬಂದ ಮೇಲೂ ಕೈಯಾರೆ ಮಾದರಿ ಕಟ್ಟುವ ಅಭ್ಯಾಸ ತರಗತಿಗಳಲ್ಲಿ ಉಳಿದಿರುವುದಕ್ಕೆ ಇದೇ ಕಾರಣ.