ಅಳಿದುಹೋದ ಒಂದು ಇಲಾಖೆ

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ, ಬಂಗಾಳ ವಿಭಜನೆಯ ಪಾಠದ ಕೊನೆಗೆ ಒಂದು ವಾಕ್ಯವನ್ನು ತಪ್ಪದೆ ಹೇಳುತ್ತಿದ್ದೆ: “ಮಹಾದಂಡನಾಯಕ ಕಿಚನರನೊಡನೆ ಭಿನ್ನಾಭಿಪ್ರಾಯ ಉಂಟಾಗಿ ವೈಸರಾಯ್ ಕರ್ಜನ್ 1905ರಲ್ಲಿ ರಾಜೀನಾಮೆ ಕೊಟ್ಟನು.” ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಜಗಳ ಯಾತಕ್ಕೆ ಸಾರ್?” ಎಂದ. “ಅಧಿಕಾರಕ್ಕೆ” ಎಂದು ಹೇಳಿ ಕೂರಿಸಿದೆ. ಅದು ಅರ್ಧ ಉತ್ತರವೆಂಬುದು ನಿವೃತ್ತನಾಗಿ ನಿಧಾನವಾಗಿ ಓದಲು ಕುಳಿತ ಮೇಲೆ ತಿಳಿಯಿತು.

ಜಗಳವಿದ್ದದ್ದು ಮಿಲಿಟರಿ ಇಲಾಖೆಯ ವಿಷಯದಲ್ಲಿ. ಈಸ್ಟ್ ಇಂಡಿಯಾ ಕಂಪನಿಯು 1776ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಈ ಇಲಾಖೆಯು ಮೊದಲು ಸೈನ್ಯ ಸಂಬಂಧದ ಆಜ್ಞೆಗಳನ್ನು ಪರಿಶೀಲಿಸಿ ದಾಖಲಿಸುವ ಕಚೇರಿಯಾಗಿತ್ತು. ಮುಂದೆ ಅದು ವೈಸರಾಯರ ಕೌನ್ಸಿಲಿನ ಮಿಲಿಟರಿ ಸದಸ್ಯನ ಅಧೀನಕ್ಕೆ ಬಂತು. ದಂಡನ್ನು ನಡೆಸುವವನು ಮಹಾದಂಡನಾಯಕ. ಸರಬರಾಜು, ಸಾಗಾಣಿಕೆ, ಖರ್ಚುವೆಚ್ಚಗಳನ್ನು ನೋಡುವುದು ಇಲಾಖೆ. ದಂಡನಾಯಕನ ಪ್ರಸ್ತಾವಗಳು ಇಲಾಖೆಯ ಟಿಪ್ಪಣಿಯೊಡನೆಯೇ ಸರಕಾರದ ಮುಂದೆ ಬರಬೇಕಿತ್ತು.

1902ರ ಕೊನೆಯಲ್ಲಿ ಭಾರತಕ್ಕೆ ಬಂದ ಕಿಚನರನಿಗೆ ಇದು ಸಹಿಸದಾಯಿತು. ತನಗಿಂತ ಕಿರಿಯ ದರ್ಜೆಯ ಸೇನಾನಿ ತನ್ನ ಕಡತದ ಮೇಲೆ ಷರಾ ಬರೆಯುವುದೇ? ಒಂದೇ ಕೆಲಸ ಎರಡು ಕಚೇರಿಗಳಲ್ಲಿ ನಡೆದು ಕಾಲಹರಣವಾಗುತ್ತದೆಂಬ ಅವನ ದೂರು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೆ ಕೇಳುವವನೂ ಪರಿಶೀಲಿಸುವವನೂ ಒಬ್ಬನೇ ಆಗಬಾರದೆಂಬುದು ಕರ್ಜನನ ವಾದ. ಲಂಡನ್ ಸರಕಾರ ಕಿಚನರನ ಕಡೆಗೇ ವಾಲಿತು. 1906ರಲ್ಲಿ ಇಲಾಖೆಯನ್ನು ಒಡೆದು, ಸೇನಾ ಇಲಾಖೆಯನ್ನು ಮಹಾದಂಡನಾಯಕನಿಗೆ ಒಪ್ಪಿಸಿ, ಸರಬರಾಜಿಗೆ ಬೇರೊಂದು ಇಲಾಖೆ ಮಾಡಿದರು. 1909ರಲ್ಲಿ ಅದನ್ನೂ ರದ್ದುಗೊಳಿಸಿದರು.

ಪರೀಕ್ಷೆ ಬಂದದ್ದು ಮೊದಲನೆಯ ಮಹಾಯುದ್ಧದಲ್ಲಿ, ದೂರದ ಮೆಸಪೊಟೇಮಿಯಾದಲ್ಲಿ. ಭಾರತದಿಂದ ಹೋದ ಸೈನ್ಯಕ್ಕೆ ನದಿಯಲ್ಲಿ ಸಾಗಲು ಸಾಕಷ್ಟು ದೋಣಿಗಳಿರಲಿಲ್ಲ, ಗಾಯಾಳುಗಳಿಗೆ ತಕ್ಕ ವೈದ್ಯಕೀಯ ವ್ಯವಸ್ಥೆಯಿರಲಿಲ್ಲ. ಸ್ಪ್ರಿಂಗ್ ಇಲ್ಲದ ಗಾಡಿಗಳಲ್ಲಿ ಅವರನ್ನು ಹೇರಿಕೊಂಡು ಹೋದರು. ಕೂತ್ ಪಟ್ಟಣದಲ್ಲಿ ಮುತ್ತಿಗೆಗೆ ಸಿಕ್ಕಿದ ಪಡೆ ಹಸಿವಿನಿಂದ ಬಳಲಿ 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಮಂದಿ ತುರ್ಕರ ಸೆರೆಯಾಳುಗಳಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಸೆರೆಯಲ್ಲಿ ಸಾವಿರಾರು ಜನ ಸತ್ತರು.

ಈ ದುರಂತಕ್ಕೆ ಕಾರಣಗಳು ಹಲವು. ಆದರೂ 1917ರಲ್ಲಿ ವರದಿಯಿತ್ತ ವಿಚಾರಣಾ ಆಯೋಗವು, ಯುದ್ಧಕಾಲದಲ್ಲಿ ದಂಡನಾಯಕನ ಮತ್ತು ಮಿಲಿಟರಿ ಸದಸ್ಯನ ಎರಡು ಹೊರೆಗಳನ್ನು ಒಬ್ಬನೇ ಹೊರಲಾಗದೆಂದು ಸ್ಪಷ್ಟವಾಗಿ ಹೇಳಿತು. ಭಾರತ ಸಚಿವ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಟ್ಟನು.

ಆ ಹುಡುಗ ಈಗ ಎಲ್ಲಿದ್ದಾನೋ ಕಾಣೆ. ಸಿಕ್ಕಿದರೆ ಉಳಿದರ್ಧ ಉತ್ತರವನ್ನು ಹೇಳಬೇಕು: ಜಗಳ ಅಧಿಕಾರಕ್ಕೇ ನಡೆದದ್ದು ಕಣಪ್ಪ, ಆದರೆ ಅದರ ಬೆಲೆ ತೆತ್ತವರು ಆ ಕಡತಗಳನ್ನು ಕಣ್ಣಿಂದಲೂ ಕಾಣದ ಸಿಪಾಯಿಗಳು.