ಊರಿಗೆ ಬಾರದ ರಾಜ

ತಲೆಮರೆಸಿಕೊಂಡು ದೇಶದೇಶ ಅಲೆದವರ ಆತ್ಮಕಥೆಗಳಲ್ಲಿ ಸಾಹಸದ ಮಾತು ಹೆಚ್ಚು, ಸಂಕಟದ ಮಾತು ಕಡಿಮೆ. ರಾಜಾ ಮಹೇಂದ್ರ ಪ್ರತಾಪ್ ತಮ್ಮ ಐವತ್ತೈದು ವರ್ಷಗಳ ಬದುಕನ್ನು ಇಂಗ್ಲಿಷಿನಲ್ಲಿ ಬರೆದು 1947ರಲ್ಲಿ ಡೆಹ್ರಾಡೂನಿನಿಂದ ಹೊರತಂದ ಪುಸ್ತಕವೂ ಮೇಲ್ನೋಟಕ್ಕೆ ಅಂಥದ್ದೇ. ಕೈಸರ್, ಟ್ರಾಟ್ಸ್ಕಿ, ಲೆನಿನ್ ಎಲ್ಲರೂ ಅದರಲ್ಲಿ ಬಂದುಹೋಗುತ್ತಾರೆ. ಆದರೆ ಇಂದು ಈ ಕಥೆಯನ್ನು ಮತ್ತೆ ನೋಡಬೇಕಾದದ್ದು ಅವರು ಯಾರನ್ನು ಕಂಡರು ಎಂಬುದಕ್ಕಲ್ಲ, ಓಡುವಾಗ ಅವರ ಜೊತೆಗೆ ಯಾರಿದ್ದರು ಎಂಬುದಕ್ಕೆ.

ಮುರಸಾನಿನ ಜಾಟ್ ರಾಜಮನೆತನದಲ್ಲಿ 1886ರಲ್ಲಿ ಹುಟ್ಟಿ ಹಾಥರಸಿಗೆ ದತ್ತು ಹೋದ ಈ ಹುಡುಗ ಓದಿದ್ದು ಅಲಿಗಢದಲ್ಲಿ, ಸರ್ ಸಯ್ಯದ್ ಕಟ್ಟಿದ ಎಂ.ಎ.ಓ. ಕಾಲೇಜಿನಲ್ಲಿ. 1909ರಲ್ಲಿ ವೃಂದಾವನದಲ್ಲಿ ಕೈಕಸುಬು ಕಲಿಸುವ ಪ್ರೇಮ ಮಹಾವಿದ್ಯಾಲಯ ತೆರೆದರು. 1914ರ ಡಿಸೆಂಬರಿನಲ್ಲಿ, ಮಹಾಯುದ್ಧ ಶುರುವಾಗಿದ್ದ ಹೊತ್ತಿನಲ್ಲಿ, ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳನ್ನು ಬಿಟ್ಟು ಯುರೋಪಿಗೆ ಹೊರಟರು. ಬರ್ಲಿನಿನಲ್ಲಿ ಕೈಸರನನ್ನು ಕಂಡು, ಭೋಪಾಲದ ಮೌಲವಿ ಬರ್ಕತುಲ್ಲಾ ಹಾಗೂ ಕೆಲವು ಜರ್ಮನ್ ಅಧಿಕಾರಿಗಳೊಡನೆ ತುರ್ಕಿಯ ದಾರಿಯಾಗಿ ಕಾಬೂಲಿನ ಕಡೆ ನಡೆದರು. ಇರಾನಿನ ಮರುಭೂಮಿಯಲ್ಲಿ ಒಂದು ಕಡೆ ಇಂಗ್ಲಿಷರ ಗಸ್ತು, ಇನ್ನೊಂದು ಕಡೆ ರಷ್ಯನ್ನರ ಗಸ್ತು. ನಡುವೆ ನುಸುಳಿ 1915ರ ಅಕ್ಟೋಬರ್ 2ರಂದು ಕಾಬೂಲ್ ಮುಟ್ಟಿದರು.

ಅದೇ ವರ್ಷ ಡಿಸೆಂಬರ್ 1ರಂದು, ರಾಜರ ಹುಟ್ಟುಹಬ್ಬದ ದಿನವೇ, ಭಾರತದ ತಾತ್ಕಾಲಿಕ ಸರ್ಕಾರ ಅಲ್ಲಿ ಸ್ಥಾಪನೆಯಾಯಿತು. ಅಧ್ಯಕ್ಷರು ಮಹೇಂದ್ರ ಪ್ರತಾಪ್. ಪ್ರಧಾನಿ ಬರ್ಕತುಲ್ಲಾ. ಸಿಖ್ ಮನೆಯಲ್ಲಿ ಹುಟ್ಟಿ, ಇಸ್ಲಾಮ್ ಸ್ವೀಕರಿಸಿ, ದೇವಬಂದಿನಲ್ಲಿ ಓದಿದ ಮೌಲಾನಾ ಉಬೈದುಲ್ಲಾ ಸಿಂಧಿ ಗೃಹಮಂತ್ರಿ. ಇದನ್ನು ಕಾಗದದ ಸರ್ಕಾರವೆಂದು ನಗುವುದು ಸುಲಭ. ಬ್ರಿಟಿಷರಿಂದ ವರ್ಷಾಸನ ಪಡೆಯುತ್ತಿದ್ದ ಅಮೀರ್ ಹಬೀಬುಲ್ಲಾ ಯಾರಿಗೂ ಇಲ್ಲವೆನ್ನದೆ ಕಾಲ ತಳ್ಳಿದ. ರಾಜರು ಚಿನ್ನದ ತಗಡಿನ ಮೇಲೆ ಬರೆಸಿ ಝಾರ್ ದೊರೆಗೆ ಕಳಿಸಿದ ಪತ್ರ ಫಲ ಕೊಡಲಿಲ್ಲ. ಮೌಲಾನಾ ರೇಷ್ಮೆ ಬಟ್ಟೆಯ ಮೇಲೆ ಬರೆದ ಪತ್ರಗಳು 1916ರಲ್ಲಿ ಪಂಜಾಬಿನಲ್ಲಿ ಸಿಕ್ಕಿಬಿದ್ದವು.

ಆದರೆ ಕಾಗದದ ಸರ್ಕಾರಕ್ಕೆ ತೆತ್ತ ಬೆಲೆ ಕಾಗದದ್ದಲ್ಲ. ಸಿಂಧಿಯವರ ಉಸ್ತಾದ್ ಮೌಲಾನಾ ಮಹಮೂದ್ ಹಸನರನ್ನು ಹಿಜಾಝಿನಲ್ಲಿ ಹಿಡಿದು ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. 1920ರವರೆಗೆ ಅವರು ಅಲ್ಲಿದ್ದರು. ಈ ಸರ್ಕಾರದ ದೂತರಾಗಿ ಹೋದ ಡಾಕ್ಟರ್ ಮಥುರಾ ಸಿಂಗರನ್ನು ರಷ್ಯನ್ನರು ಬ್ರಿಟಿಷರ ಕೈಗೊಪ್ಪಿಸಿದರು. 1917ರಲ್ಲಿ ಲಾಹೋರಿನಲ್ಲಿ ಅವರಿಗೆ ಗಲ್ಲಾಯಿತು. ಲಾಹೋರಿನ ಕಾಲೇಜು ಬಿಟ್ಟು ಗಡಿ ದಾಟಿದ ಹುಡುಗರೂ ಕಾಬೂಲಿನಲ್ಲಿದ್ದರು. ಅವರಲ್ಲೊಬ್ಬರಾದ ಜಫರ್ ಹಸನ್ ಐಬಕ್ ಮುಂದೆ ತುರ್ಕಿ ಸೇನೆಯ ಅಧಿಕಾರಿಯಾದರು. ಉರ್ದು ಬಲ್ಲವರು ಅವರ 'ಆಪ್ ಬೀತಿ'ಯನ್ನು ರಾಜರ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕು. ಕಾಬೂಲ್ ಒಂದೇ, ಕಂಡ ಕಣ್ಣು ಬೇರೆ.

ರಾಜರ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡು, 1923ರಲ್ಲಿ ಅದಕ್ಕೆಂದೇ ಒಂದು ಕಾನೂನು ಮಾಡಿ ಮಗನಿಗೆ ಕೊಟ್ಟಿತು. ಹೆಂಡತಿ ತೀರಿಕೊಂಡಾಗ ಅವರು ಪರದೇಶದಲ್ಲಿದ್ದರು. ಅಫಘಾನ್ ಪ್ರಜೆಯಾಗಿ ಚೀನಾ, ಜಪಾನ್, ಅಮೆರಿಕ ಸುತ್ತಿದರು. 'ಪೀಟರ್ ಪೀರ್ ಪ್ರತಾಪ್' ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು. ಇದು ವೇಷ ಮರೆಸುವ ಹೆಸರಲ್ಲ, ಎಲ್ಲ ಧರ್ಮಗಳೂ ತನ್ನವು ಎಂದು ಸಾರುವ ಹೆಸರು! 1927ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬರ್ಕತುಲ್ಲಾ ಕಣ್ಣುಮುಚ್ಚಿದರು. ಅವರ ಕಬರು ಸ್ಯಾಕ್ರಮೆಂಟೋದಲ್ಲಿದೆ. ಸಿಂಧಿ 1939ರಲ್ಲಿ ಊರಿಗೆ ಮರಳಿದರು. ಅಧ್ಯಕ್ಷರು ಮದರಾಸಿನಲ್ಲಿ ಹಡಗಿಳಿದದ್ದು 1946ರ ಆಗಸ್ಟಿನಲ್ಲಿ.

1957ರಲ್ಲಿ ಪಕ್ಷೇತರರಾಗಿ ಮಥುರಾದಿಂದ ಲೋಕಸಭೆಗೆ ಗೆದ್ದರು. ಸೋತವರಲ್ಲಿ ಜನಸಂಘದ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. 2014ರಲ್ಲಿ ಅದೇ ಪರಂಪರೆಯ ಭಾಜಪದವರು ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದಲ್ಲಿ ರಾಜರ ಜಯಂತಿ ಆಚರಿಸಬೇಕೆಂದು ಪಟ್ಟು ಹಿಡಿದರು. 2021ರ ಸೆಪ್ಟೆಂಬರ್ 14ರಂದು ಪ್ರಧಾನಿ ಮೋದಿ ಅಲಿಗಢದಲ್ಲಿ ಅವರ ಹೆಸರಿನ ಹೊಸ ವಿಶ್ವವಿದ್ಯಾಲಯಕ್ಕೆ ಅಡಿಗಲ್ಲು ಹಾಕಿದರು. ಹೆಸರಿಟ್ಟದ್ದು ಸಂತೋಷವೇ. ಆದರೆ ಹೆಸರಿನ ಹಿಂದೆಯೇ ಅಲಿಗಢದ ಮುಸಲ್ಮಾನರು ರಾಜರನ್ನು ಮರೆತರೆಂಬ ದೂರೂ ಬಂತು. 1977ರಲ್ಲಿ, ಎಂ.ಎ.ಓ. ಕಾಲೇಜಿಗೆ ನೂರು ವರ್ಷ ತುಂಬಿದಾಗ, ಅದೇ ಮುಸ್ಲಿಮ್ ವಿಶ್ವವಿದ್ಯಾಲಯ ತನ್ನ ಈ ಹಳೆಯ ವಿದ್ಯಾರ್ಥಿಯನ್ನು ಕರೆಸಿ ಸನ್ಮಾನಿಸಿತ್ತು. ತೊಂಬತ್ತು ದಾಟಿದ್ದ ಅವರು 1979ರ ಏಪ್ರಿಲ್ 29ರಂದು ತೀರಿಕೊಂಡರು.